ಗರುಡನ ಗೂಡು ಮತ್ತು ನೋಡುವ ಹಂಬಲ

ಕೈಯಿಂದ ಮುಟ್ಟದೆ, ಕಲ್ಲೆಸೆಯದೆ, ಬಲೆ ಬೀಸದೆ, ಕೇವಲ ನೋಡಿದ ಮಾತ್ರಕ್ಕೆ ಹಿಂಸೆಯಾಗುವುದುಂಟೆ? ಈ ಪ್ರಶ್ನೆ ಮೇಲ್ನೋಟಕ್ಕೆ ತರ್ಕದ ಕಸರತ್ತಿನಂತೆ ತೋರಬಹುದು. ಆದರೆ ಕಾಡುಹಕ್ಕಿಗಳ ಗೂಡು ಮೊಟ್ಟೆಗಳ ಛಾಯಾಚಿತ್ರ ತೆಗೆಯುವವರ ಮುಂದೆ ಇದು ನಿಜವಾಗಿಯೂ ಬಂದು ನಿಲ್ಲುವ ಪ್ರಶ್ನೆ. ಸುವರ್ಣ ಗರುಡ, ಅಂದರೆ ಇಂಗ್ಲಿಷಿನಲ್ಲಿ ಗೋಲ್ಡನ್ ಈಗಲ್ ಎಂದು ಕರೆಯುವ ಪಕ್ಷಿಯನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸೋಣ. ಈ ಪಕ್ಷಿ ನಮ್ಮ ಹಿಮಾಲಯದಲ್ಲಿಯೂ ಉಂಟು. ಆದರೆ ಅದರ ಗೂಡಿನ ಕುರಿತ ಚರ್ಚೆ ಬಹುಕಾಲ ನಡೆದು ಕಾನೂನಿನ ರೂಪ ತಾಳಿದ್ದು ಸ್ಕಾಟ್ಲೆಂಡಿನಲ್ಲಾದ್ದರಿಂದ ಅಲ್ಲಿಗೇ ಹೋಗೋಣ.

ಅಲ್ಲಿ ಈ ಗರುಡ ಬಹುಮಟ್ಟಿಗೆ ಕಡಿದಾದ ಬಂಡೆಯ ಚಾಚಿನ ಮೇಲೆ ಕಡ್ಡಿ ಕೊಂಬೆಗಳಿಂದ ದೊಡ್ಡ ಗೂಡು ಕಟ್ಟುತ್ತದೆ. ಅದೇ ಗೂಡನ್ನು ಸರಿಪಡಿಸಿ ಹಲವು ವರ್ಷ ಬಳಸುವುದೂ ಉಂಟು. ಬೆಟ್ಟದ ಮೇಲೆ ಹಿಮ ಇನ್ನೂ ಕರಗದಿರುವ ಮಾರ್ಚ್ ತಿಂಗಳಲ್ಲಿ, ಮೂರು ನಾಲ್ಕು ದಿನಗಳ ಅಂತರದಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಕಾವಿನ ಅವಧಿ ಸುಮಾರು 43ರಿಂದ 45 ದಿನ. ಅದರಲ್ಲಿ ಹೆಚ್ಚಿನ ಪಾಲು ತಾಯಿಯದು. ಆ ದಿನಗಳಲ್ಲಿ ಮನುಷ್ಯನೊಬ್ಬನು ಗೂಡಿನ ಸಮೀಪ ಕಾಣಿಸಿಕೊಂಡರೆ ತಾಯಿ ಹೆದರಿ ಹಾರಿಹೋಗುತ್ತದೆ. ಮೊಟ್ಟೆ ತಣ್ಣಗಾಗತೊಡಗುತ್ತದೆ. ಕಾವಲಿಲ್ಲದ ಗೂಡನ್ನು ಕಾಗೆಯ ಜಾತಿಯ ಹಕ್ಕಿಗಳು ಹೊಂಚಬಹುದು. ಕಾವಿನ ಮೊದಲ ದಿನಗಳಲ್ಲಿ ಹೀಗಾದರೆ ತಾಯಿಯು ಗೂಡನ್ನೇ ತೊರೆಯುವ ಸಂಭವವೂ ಇದೆ. ಚಿತ್ರ ತೆಗೆದವನು ಇದಾವುದನ್ನೂ ನೋಡುವುದಿಲ್ಲ. ತಾನು ಏನನ್ನೂ ಒಯ್ಯಲಿಲ್ಲವೆಂಬ ಸಮಾಧಾನದಿಂದ ಬೆಟ್ಟವಿಳಿಯುತ್ತಾನೆ. ಮೊಟ್ಟೆಗೆ ಸಲ್ಲಬೇಕಾಗಿದ್ದ ಬಿಸಿಯನ್ನು ತಾನು ತಪ್ಪಿಸಿದೆನೆಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಕ್ಯಾಮೆರಾದಿಂದಾದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಹಕ್ಕಿಗಳ ಮೊಟ್ಟೆ ಸಂಗ್ರಹಿಸುವುದು ಗೌರವಸ್ಥರ ಹವ್ಯಾಸವಾಗಿತ್ತು. ಮೊಟ್ಟೆಗೆ ಸಣ್ಣ ರಂಧ್ರ ಕೊರೆದು ಒಳಗಿನ ಜೀವಾಂಶವನ್ನು ಊದಿ ತೆಗೆದು, ಬರಿಯ ಚಿಪ್ಪನ್ನು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ಹಕ್ಕಿ ವಿರಳವಾದಷ್ಟೂ ಚಿಪ್ಪಿಗೆ ಬೆಲೆ ಹೆಚ್ಚು. ಇಂಥ ಕಾಲದಲ್ಲಿ, 1892ರಲ್ಲಿ, ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಸಹೋದರರು ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರ ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಸಚಿತ್ರ ಗ್ರಂಥವನ್ನೇ ಹೊರತಂದರು. ಸ್ಕಾಟ್ಲೆಂಡಿನ ಸೀಟನ್ ಗಾರ್ಡನ್ (1886–1977) ಮರೆಯಲ್ಲಿ ಕುಳಿತು ಗರುಡನ ಸಂಸಾರವನ್ನು ಗಮನಿಸಿ, ಚಿತ್ರ ತೆಗೆದು, 1927ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಒಯ್ಯದೆಯೂ ಆನಂದಿಸಬಹುದೆಂದು ಜನ ಕಲಿತದ್ದು ಇಂಥವರಿಂದ. 1954ರಲ್ಲಿ ಬಂದ ಕಾನೂನು ಬ್ರಿಟನ್ನಿನ ಬಹುತೇಕ ಕಾಡುಹಕ್ಕಿಗಳಿಗೂ ಅವುಗಳ ಗೂಡು ಮೊಟ್ಟೆಗಳಿಗೂ ರಕ್ಷಣೆ ನೀಡಿತು.

ಆದರೆ ಆಸೆ ಅಳಿಯಲಿಲ್ಲ. ಚಿಪ್ಪನ್ನು ಬಿಟ್ಟು ಚಿತ್ರವನ್ನು ಹಿಡಿಯಿತು. ಗರುಡನ ಗೂಡಿನ ಚಿತ್ರಗಳು ಬೇಕಾದಷ್ಟು ಇವೆ. ಅವುಗಳಿಂದ ತಿಳಿವಳಿಕೆ ದೊರೆಯುತ್ತದೆ. ಆದರೂ ತೃಪ್ತಿಯಿಲ್ಲ, ಏಕೆಂದರೆ ಅವು ‘ನಾನು ತೆಗೆದವು’ ಅಲ್ಲ. ಪರಿಗ್ರಹಕ್ಕೆ ಮೂಲವು ವಸ್ತುವಲ್ಲ, ಮೂರ್ಛೆ ಎಂದು ಆಚಾರ್ಯರು ಹೇಳಿದ್ದನ್ನು ಇಲ್ಲಿ ನೆನೆಯಬೇಕು. ತೂಕವಿಲ್ಲದ ಚಿತ್ರವೂ ಪರಿಗ್ರಹವಾಗಬಲ್ಲದು.

1981ರ ಬ್ರಿಟಿಷ್ ಕಾನೂನಿನ ಪ್ರಕಾರ ಗೂಡಿನಲ್ಲಿರುವ ಗರುಡನಿಗೆ ಉದ್ದೇಶಪೂರ್ವಕವಾಗಿ ತೊಂದರೆ ಕೊಡುವುದು ಅಪರಾಧ. ತೊಂದರೆಯಾಗುವಂತಿದ್ದರೆ ಛಾಯಾಚಿತ್ರಕ್ಕೂ ಪರವಾನಗಿ ಬೇಕು. ಸ್ಕಾಟ್ಲೆಂಡು 2004ರಲ್ಲಿ ಇದಕ್ಕೆ ಮತ್ತೊಂದು ಮಾತನ್ನು ಸೇರಿಸಿತು: ಉದ್ದೇಶವಿಲ್ಲದಿದ್ದರೂ, ಪರಿಣಾಮವನ್ನು ಲೆಕ್ಕಿಸದೆ ತೊಂದರೆ ಕೊಟ್ಟರೆ ಅದೂ ಅಪರಾಧ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ‘ಬೇಟೆ’ ಎಂಬ ಪದದ ಅರ್ಥದೊಳಗೇ ಕಾಡುಹಕ್ಕಿಯ ಗೂಡು ಮೊಟ್ಟೆಗಳನ್ನು ಕದಡುವುದನ್ನೂ ಸೇರಿಸಿದೆ. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರದಿಂದ ಕಲಿತ ನಮಗೆ ಇದು ಹೊಸ ವಿಚಾರವಲ್ಲ. ‘ನನಗೆ ಕೆಡುಕಿನ ಉದ್ದೇಶವಿರಲಿಲ್ಲ’ ಎಂಬ ಮಾತು ಪ್ರಮಾದಕ್ಕೆ ಉತ್ತರವಾಗಲಾರದು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಗರುಡನು ಸ್ವತಃ ಹಿಂಸಕ. ಮೊಲವನ್ನೂ ಇತರ ಹಕ್ಕಿಗಳನ್ನೂ ಕೊಂದು ತಿನ್ನುವ ಪಕ್ಷಿಯ ಮೇಲೆ ಇಷ್ಟು ಕರುಣೆ ಏಕೆ ಎಂಬುದು ಮೊದಲನೆಯದು. ಹಿಂಸಕ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುವುವೆಂಬ ವಾದವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರಾಕರಿಸಿದ್ದಾರೆ. ನಮ್ಮ ಸಂಯಮವು ಆ ಪಕ್ಷಿಯ ಸದ್ಗುಣಕ್ಕೆ ಕೊಡುವ ಬಹುಮಾನವಲ್ಲ. ಅದು ನಮ್ಮ ಆತ್ಮದ ಹಿತಕ್ಕಾಗಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು: ಯಾರೂ ನೋಡದಿದ್ದರೆ ರಕ್ಷಣೆ ಹೇಗೆ? 2015ರ ಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ 508 ಜೋಡಿಗಳು ದೊರೆತವೆಂದು ತಿಳಿದದ್ದು ಬೆಟ್ಟ ಹತ್ತಿ ನೋಡಿದವರಿಂದಲೇ ಅಲ್ಲವೆ? ನಿಜ. ಆದರೆ ಅವರು ಅನುಮತಿ ಪಡೆದು, ಅಗತ್ಯವಿದ್ದಷ್ಟೇ ಸಮೀಪಿಸುವವರು. ಮೊಟ್ಟೆಯಿಡುವ ಕಾಲಕ್ಕೆ ಎಷ್ಟೋ ಮೊದಲೇ ಗೂಡಿನ ಬಳಿ ಕ್ಯಾಮೆರಾ ಇರಿಸಿ, ದೂರದಿಂದಲೇ ನೋಡುವ ಕ್ರಮವೂ ಇದೆ. ಅಗತ್ಯಕ್ಕಾಗಿ ಎಚ್ಚರದಿಂದ ನೋಡುವುದು ಒಂದು. ಹಂಬಲಕ್ಕಾಗಿ ನುಗ್ಗುವುದು ಇನ್ನೊಂದು. ಪ್ರಯೋಜನವಿಲ್ಲದೆ ಎಚ್ಚರಗೇಡಿತನದಿಂದ ಜೀವಗಳಿಗೆ ಬಾಧೆ ಕೊಡುವುದನ್ನೇ ಅನರ್ಥದಂಡದಲ್ಲಿ ಪ್ರಮಾದಚರ್ಯೆ ಎಂದಿರುವುದು.

ಸ್ಕಾಟ್ಲೆಂಡಿನ ಬಂಡೆಯನ್ನು ಏರುವವರು ನಮ್ಮಲ್ಲಿ ವಿರಳ. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಾಗಿಲುಗಳಿಂದ ಕರ್ಮವು ಒಳಬರುತ್ತದೆ. ಹೆದರಿದ ತಾಯಿ, ತೆರೆದುಬಿದ್ದ ಮೊಟ್ಟೆಗಳಿರುವ ಚಿತ್ರವನ್ನು ನೋಡಿ ‘ಭೇಷ್’ ಎಂದು ಇತರರಿಗೆ ಕಳುಹಿಸುವಾಗ ಮೂರನೆಯ ಬಾಗಿಲು ತೆರೆದಿರುತ್ತದೆ. ಇಂದು ಮನೆಮನೆಯಲ್ಲಿಯೂ ಫೋನಿನೊಳಗೆ ಕ್ಯಾಮೆರಾ ಇದೆ. ನಮ್ಮ ಹಿತ್ತಿಲ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದರೆ, ಮಕ್ಕಳು ಎಲೆ ಸರಿಸಿ, ಕೈಚಾಚಿ ಚಿತ್ರ ತೆಗೆಯಲು ಧಾವಿಸುತ್ತಾರೆ. ಆಗ ತಡೆದು ಹೇಳುವ ಹಿರಿಯರು ಬೇಕು: ‘ಮಗು, ತಾಯಿ ಕಾವಿಗೆ ಕುಳಿತಿದೆ. ದೂರದಿಂದ ನೋಡು, ಇಲ್ಲವೆ ನೋಡದೆಯೇ ಇರು.’

ಅನ್ನವಿಲ್ಲದವನ ಹಸಿವು ಉಪವಾಸವಲ್ಲ. ಎದುರಿಗಿರುವ ಅನ್ನವನ್ನು ಅರಿತು ಬಿಡುವುದು ಉಪವಾಸ. ನೋಡಬಲ್ಲೆನಾದರೂ ನೋಡದಿರುವೆನೆಂಬ ನಿಯಮವೂ ಅದೇ ಬಗೆಯದು. ಹಕ್ಕಿಯು ಮೊಟ್ಟೆಗೆ ಕುಳಿತಿರುವಷ್ಟು ದಿನವಾದರೂ ಈ ನಿಯಮವನ್ನು ಪ್ರತಿ ಮನೆಯಲ್ಲಿಯೂ ಪಾಲಿಸೋಣ.