ಅರಿಯಬೇಕಾದವನ ಅರಿಯಮೆ

ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟೆಂಬುದು ಲೋಕದ ನಡೆನುಡಿ. ಕೂಸು ದೀಪವನ್ನು ಉರುಳಿಸಿದರೆ ಯಾರೂ ಅದನ್ನು ದಂಡಿಸುವುದಿಲ್ಲ; ದಾರಿಯರಿಯದ ಪರಸ್ಥಳದವನು ಬಿತ್ತಿದ ಹೊಲವನ್ನು ತುಳಿದರೆ ಒಡೆಯನು ಕರೆದು ದಾರಿ ತೋರಿಸಿ ಕಳಿಸುತ್ತಾನೆ. ಆದರೆ ತಿಳಿಯುವುದೇ ಯಾವನ ಕೆಲಸವೋ ಅವನು ತಿಳಿಯದೆ ಹೋದರೆ ಆ ಅರಿಯಮೆಗೆ ಏನೆಂದು ಹೆಸರಿಡಬೇಕು? ಕಾವಲುಗಾರನು ನಿದ್ರೆ ಹೋಗಿದ್ದು, ಕಳ್ಳನು ಬಂದುದು ತನಗೆ ತಿಳಿಯಲಿಲ್ಲವೆಂದರೆ ಆ ಮಾತು ಸತ್ಯವೇ ಆಗಿರುತ್ತದೆ. ಆದರೂ ಆ ಸತ್ಯವು ಅವನನ್ನು ಬಿಡಿಸಲಾರದು. ಧರ್ಮಶಾಸ್ತ್ರದಷ್ಟು ಹಳೆಯದಾದ ಈ ಪ್ರಶ್ನೆಯು ಅಮೆರಿಕದ ಒಂದು ಸಣ್ಣ ನಗರದಲ್ಲಿ, ಅಡುಗೆಮನೆಯ ನಲ್ಲಿಯ ಮೂಲಕ ಮತ್ತೆ ಎದ್ದುಬಂದಿತು. ಮನೆಮಕ್ಕಳನ್ನು ಸಾಕುವ ಗೃಹಸ್ಥರೆಲ್ಲರೂ ಆ ವೃತ್ತಾಂತವನ್ನು ವಿಚಾರಿಸಿ ನೋಡತಕ್ಕದ್ದು.

ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ಮಹಾನಗರದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಫ್ಲಿಂಟ್ ಎಂಬ ಊರಿದೆ. ಜನರಲ್ ಮೋಟಾರ್ಸ್ ಎಂಬ ಮೋಟಾರು ಕಂಪನಿ 1908ರಲ್ಲಿ ಹುಟ್ಟಿದ್ದು ಇಲ್ಲಿಯೇ. 1960ರ ಸುಮಾರಿಗೆ ಅಲ್ಲಿ ಎರಡು ಲಕ್ಷದಷ್ಟು ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋದಂತೆ ಊರು ಬಡವಾಯಿತು. 2014ರ ವೇಳೆಗೆ ಜನಸಂಖ್ಯೆ ಒಂದು ಲಕ್ಷಕ್ಕೂ ಕಡಮೆಯಾಗಿದ್ದಿತು. ಪುರಸಭೆಯ ಬೊಕ್ಕಸ ಬರಿದಾದುದರಿಂದ ರಾಜ್ಯ ಸರಕಾರವು 2011ರಿಂದ ತನ್ನ ಆಡಳಿತಾಧಿಕಾರಿಗಳನ್ನು ನೇಮಿಸಿ ಊರಿನ ಕಾರುಬಾರನ್ನು ಅವರ ಕೈಗೊಪ್ಪಿಸಿತು. ಬಹುಕಾಲದಿಂದ ಆ ಊರು ಹ್ಯೂರನ್ ಮಹಾಸರೋವರದ ನೀರನ್ನು ಡೆಟ್ರಾಯಿಟಿನಿಂದ ಕ್ರಯಕ್ಕೆ ತರಿಸುತ್ತಿದ್ದಿತು. ಅದೇ ಸರೋವರದಿಂದ ಹೊಸದೊಂದು ಕೊಳವೆಮಾರ್ಗ ಸಿದ್ಧವಾಗುವವರೆಗೆ ಹಣವನ್ನುಳಿಸುವ ಸಲುವಾಗಿ, ಊರ ನಡುವೆ ಹರಿಯುವ ಫ್ಲಿಂಟ್ ನದಿಯ ನೀರನ್ನೇ ಶುದ್ಧಿ ಮಾಡಿ ಕುಡಿಸುವುದೆಂದು ನಿರ್ಧಾರವಾಯಿತು. 2014ರ ಏಪ್ರಿಲ್ 25ರಂದು ಗುಂಡಿಯೊತ್ತಿ ಹೊಸ ನೀರನ್ನು ಬಿಟ್ಟರು. ನೆರೆದಿದ್ದ ಅಧಿಕಾರಿಗಳು ಲೋಟಗಳನ್ನೆತ್ತಿ ಆ ನೀರನ್ನು ಕುಡಿದು ಹರ್ಷಪಟ್ಟರು.

ನೀರಿನಲ್ಲಿ ಯಾರೂ ವಿಷ ಹಾಕಲಿಲ್ಲ. ಈ ಕಥೆಯ ತಿರುಳಿರುವುದು ಇಲ್ಲಿಯೇ. ಹಾಕಬೇಕಾಗಿದ್ದ ಒಂದು ಪದಾರ್ಥವನ್ನು ಹಾಕದೆ ಬಿಟ್ಟರು, ಅಷ್ಟೇ. ಆ ಊರಿನ ಸಾವಿರಾರು ಮನೆಗಳಿಗೆ ಹಿಂದಿನ ತಲೆಮಾರಿನವರು ಸೀಸದ ಕೊಳವೆಗಳಿಂದ ನೀರು ತಂದಿದ್ದರು. ಡೆಟ್ರಾಯಿಟಿನಿಂದ ಬರುತ್ತಿದ್ದ ನೀರಿಗೆ ಫಾಸ್ಫೇಟ್ ಎಂಬ ಲವಣವನ್ನು ಅತ್ಯಲ್ಪವಾಗಿ ಬೆರೆಸುತ್ತಿದ್ದುದರಿಂದ ಕೊಳವೆಯ ಒಳಮೈಗೆ ತೆಳುವಾದ ಪೊರೆ ಕಟ್ಟಿ, ನೀರಿಗೂ ಸೀಸಕ್ಕೂ ನಡುವೆ ಅದೊಂದು ತೆರೆಯಂತೆ ನಿಂತಿದ್ದಿತು. ನದಿಯ ನೀರಿನಲ್ಲಾದರೋ ಲೋಹವನ್ನು ತಿನ್ನುವ ಕ್ಲೋರೈಡ್ ಅಂಶ ಹೆಚ್ಚು. ಅದಕ್ಕೆ ಆ ಲವಣವನ್ನು ಬೆರೆಸಲೇ ಇಲ್ಲ. ಪೊರೆ ಕರಗಿತು, ಸೀಸವು ನೀರಿಗಿಳಿಯಿತು. ದಿನಕ್ಕೆ 100 ಡಾಲರಿನಷ್ಟು ವೆಚ್ಚದಿಂದ ಈ ರಕ್ಷಣೆ ಸಾಧ್ಯವಿದ್ದಿತೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಆರಾರು ತಿಂಗಳ ಎರಡು ಅವಧಿಗಳಲ್ಲಿ ನೀರನ್ನು ಪರೀಕ್ಷಿಸಿ, ಆಮೇಲೆ ಈ ಲವಣ ಬೇಕೇ ಬೇಡವೇ ಎಂದು ನಿಶ್ಚಯಿಸಬಹುದೆಂಬುದು ರಾಜ್ಯದ ಪರಿಸರ ಇಲಾಖೆಯವರು ನಿಯಮಕ್ಕೆ ಮಾಡಿಕೊಂಡ ಅರ್ಥ. ಪರೀಕ್ಷೆ ಮುಗಿಯುವ ತನಕ ಮಕ್ಕಳು ಆ ನೀರನ್ನು ಕುಡಿಯುತ್ತಲೇ ಇರಬೇಕು! ಗ್ರಂಥದ ಅಕ್ಷರವನ್ನು ಹಿಡಿದು ಗ್ರಂಥದ ಪ್ರಾಣವನ್ನು ಕಳೆಯುವವರು ಮಠಗಳಲ್ಲಿ ಮಾತ್ರ ಇರುತ್ತಾರೆಂದು ತಿಳಿಯುವುದು ಸಲ್ಲದು.

ಸೀಸವು ನೀರಿನಲ್ಲಿ ಕರಗಿದಾಗ ಬಣ್ಣ ಕೊಡದು, ವಾಸನೆ ತೋರದು, ನಾಲಿಗೆಗೂ ಸಿಕ್ಕದು. ದೇಹವು ಅದನ್ನು ಸುಣ್ಣದ ಅಂಶವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಪರಮಶತ್ರು. ಬುದ್ಧಿಯ ಚುರುಕನ್ನೂ ಗಮನದ ಸ್ಥಿರತೆಯನ್ನೂ ಕುಂದಿಸುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಬಾಧಕವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ಇಂದಿನ ವೈದ್ಯಶಾಸ್ತ್ರ ಸಾರುತ್ತದೆ. ಇನ್ನೊಂದು ಮಾತನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. 2014ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಆ ಊರಿನ ನೀರಿನಲ್ಲಿ ರೋಗಾಣುಗಳು ಕಂಡುಬಂದುದರಿಂದ ನೀರನ್ನು ಕುದಿಸಿ ಕುಡಿಯಿರೆಂದು ಸಾರಿದರು. ಕುದಿಸಿದರೆ ರೋಗಾಣುಗಳು ಸಾಯುವುದು ನಿಜ. ಸೀಸವು ಸಾಯುವ ವಸ್ತುವಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಸಾಂದ್ರವಾಗುತ್ತದೆ. ಎಷ್ಟು ಮಂದಿ ತಾಯಂದಿರು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಇನ್ನೂ ಹತ್ತು ನಿಮಿಷ ಹೆಚ್ಚಾಗಿ ಕುದಿಸಿದರೋ!

ಜನರು ಸುಮ್ಮನಿರಲಿಲ್ಲ. ಕಂದುಬಣ್ಣದ ನೀರನ್ನು ಸೀಸೆಗಳಲ್ಲಿ ತುಂಬಿಕೊಂಡು ಸಭೆಗಳಿಗೆ ಬಂದರು. ಮೈಯಲ್ಲಿ ದದ್ದು, ಕೂದಲುದುರುವಿಕೆ ಎಂದು ಮೊರೆಯಿಟ್ಟರು. ನೀರು ನಿರಪಾಯವೆಂಬ ಒಂದೇ ಉತ್ತರ ಅವರಿಗೆ ದೊರೆಯಿತು. 2015ರ ಮಾರ್ಚಿಯಲ್ಲಿ ಜನರಿಂದ ಆಯ್ಕೆಯಾದ ಪುರಸಭೆಯು ಡೆಟ್ರಾಯಿಟಿನ ನೀರಿಗೆ ಹಿಂದಿರುಗಬೇಕೆಂದು 7-1 ಮತಗಳಿಂದ ನಿರ್ಣಯಿಸಿದರೂ ನೇಮಕಗೊಂಡ ಆಡಳಿತಾಧಿಕಾರಿಯು ಅದನ್ನು ಮನ್ನಿಸಲಿಲ್ಲ. ಆದರೆ ಇದಕ್ಕೂ ಮುಂಚೆ, 2014ರ ಅಕ್ಟೋಬರಿನಲ್ಲಿಯೇ, ಆ ನೀರಿನಿಂದ ಯಂತ್ರದ ಬಿಡಿಭಾಗಗಳು ತುಕ್ಕುಹಿಡಿಯುತ್ತಿವೆಯೆಂದು ಜನರಲ್ ಮೋಟಾರ್ಸಿನವರು ತಮ್ಮ ಎಂಜಿನ್ ಕಾರ್ಖಾನೆಗೆ ಬೇರೆ ಕಡೆಯ ನೀರನ್ನು ಪಡೆದುಕೊಂಡಿದ್ದರು. ಕಬ್ಬಿಣದ ದೂರು ನಡೆಯಿತು. ಹೆತ್ತವರ ದೂರು ನಡೆಯಲಿಲ್ಲ. ಉಕ್ಕನ್ನು ತಿನ್ನುವ ನೀರು ಕೊಳವೆಯನ್ನು ತಿನ್ನದೆ ಬಿಡುವುದೇ ಎಂಬ ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳಲು ಮಹಾಪಾಂಡಿತ್ಯ ಬೇಕಾಗಿರಲಿಲ್ಲ. ಅದನ್ನು ಕೇಳಿಕೊಂಡರೆ ಉತ್ತರ ಬಂದೀತೆಂಬ ಅಂಜಿಕೆಯೇ ಕೇಳದಿರುವುದಕ್ಕೆ ಕಾರಣವಾಗಿರಬಹುದು.

ಅರಿಯಮೆಯಲ್ಲಿ ಎರಡು ಬಗೆಯುಂಟು. ಒಂದು ಬೆಳಕಿಲ್ಲದ್ದರಿಂದ ಆಗುವ ಕತ್ತಲೆ. ಇನ್ನೊಂದು ಕಣ್ಣು ಮುಚ್ಚಿಕೊಂಡುದರಿಂದ ಆಗುವ ಕತ್ತಲೆ. ಫ್ಲಿಂಟಿನ ಪರೀಕ್ಷೆಗಳು ಎರಡನೆಯ ಬಗೆಯವು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರಿನಲ್ಲಿಯೇ ಸೀಸವು ಹೆಚ್ಚಾಗಿ ಸೇರುವುದು. ಹಾಗಿದ್ದೂ, ಪರೀಕ್ಷೆಗೆ ನೀರು ಹಿಡಿಯುವ ಹಿಂದಿನ ರಾತ್ರಿ ನಲ್ಲಿಯನ್ನು ಬಿಟ್ಟು ಕೆಲವು ನಿಮಿಷ ಹರಿಯಗೊಡಿರೆಂದು ಮನೆಯವರಿಗೆ ಸೂಚಿಸಲಾಗಿತ್ತು. 2015ರ ಮಧ್ಯದಲ್ಲಿ ಬಂದ 71 ಮಾದರಿಗಳಲ್ಲಿ ಎರಡನ್ನು ಲೆಕ್ಕದಿಂದ ತೆಗೆದುಹಾಕಿದರು. ಆ ಎರಡನ್ನು ಉಳಿಸಿಕೊಂಡಿದ್ದರೆ ಊರಿನ ನೀರು ಕಾನೂನು ಕ್ರಮವನ್ನು ವಿಧಿಸುವ ಮಿತಿಯನ್ನು ಮೀರುತ್ತಿದ್ದಿತು. ಆ ಮಿತಿಯು ನೂರು ಕೋಟಿ ಪಾಲು ನೀರಿಗೆ 15 ಪಾಲು ಸೀಸ. ತೆಗೆದುಹಾಕಿದ ಮಾದರಿಗಳಲ್ಲಿ ಒಂದು ಲೀಆನ್ ವಾಲ್ಟರ್ಸ್ ಎಂಬ ತಾಯಿಯ ಮನೆಯದು. ಅದರಲ್ಲಿ 104 ಪಾಲು ಕಂಡಿದ್ದಿತು. ಆ ಮನೆಯಲ್ಲಿ ನೀರು ಸೋಸುವ ಸಾಧನವಿದೆಯೆಂಬುದು ಅದನ್ನು ಕೈಬಿಡಲು ಕೊಟ್ಟ ಕಾರಣ. ಸೋಸಿಯೂ ಇಷ್ಟಿದ್ದರೆ ಸೋಸದಿದ್ದಲ್ಲಿ ಎಷ್ಟು ಎಂದು ಯೋಚಿಸುವುದು ನ್ಯಾಯವಾಗಿದ್ದಿತು.

ಆ ತಾಯಿ ಮಾತ್ರ ಬಿಡಲಿಲ್ಲ. ಆಕೆ ರಸಾಯನಶಾಸ್ತ್ರವನ್ನು ಓದಿದವಳಲ್ಲ. ಕಡತಗಳನ್ನು ತಾನೇ ಓದಿ ಕಲಿತಳು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರಿಗೆ ನೀರನ್ನು ಕಳಿಸಿದಳು. ಆಕೆಯ ಮನೆಯ ಒಂದು ಮಾದರಿಯಲ್ಲಿ 13,200 ಪಾಲು ಸೀಸ ಕಂಡಿತು. 5,000 ಪಾಲು ಮೀರಿದರೆ ಅಮೆರಿಕದ ನಿಯಮದಂತೆ ಅದು ಅಪಾಯಕಾರಿ ತ್ಯಾಜ್ಯವೆನಿಸುತ್ತದೆ. ಆಮೇಲೆ ಊರವರೇ ಕೂಡಿ ಇನ್ನೂರೈವತ್ತಕ್ಕೂ ಹೆಚ್ಚು ಮನೆಗಳ ನೀರನ್ನು ಆ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಗೆ ಕಳಿಸಿದರು. 2015ರ ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಡಾ॥ ಮೋನಾ ಹನ್ನಾ-ಅಟಿಷಾ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ತೆರೆದು, ರಕ್ತದಲ್ಲಿ ಸೀಸ ಹೆಚ್ಚಿರುವ ಐದು ವರ್ಷದೊಳಗಿನ ಮಕ್ಕಳ ಪ್ರಮಾಣವು ನೀರು ಬದಲಾದ ಮೇಲೆ ಇಮ್ಮಡಿಯಾಗಿದೆಯೆಂದು ಸಾರಿದರು; ಆಮೇಲೆ ಪ್ರಕಟವಾದ ಲೆಕ್ಕದಂತೆ ನೂರಕ್ಕೆ 2.4 ಇದ್ದುದು 4.9 ಆಗಿದ್ದಿತು, ಸೀಸ ಹೆಚ್ಚಿದ್ದ ಕೇರಿಗಳಲ್ಲಿ 10.6. ಮೊದಲು ಸರಕಾರದವರು ಆಕೆಯ ಲೆಕ್ಕವನ್ನೇ ತಪ್ಪೆಂದರು. ಕೆಲವೇ ದಿನಗಳಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 16ರಂದು ಊರು ಮತ್ತೆ ಡೆಟ್ರಾಯಿಟಿನ ನೀರಿಗೆ ಮರಳಿತು. ಈ ನಡುವೆ ಹಬ್ಬಿದ್ದ ಲೀಜನೇರ್ ಎಂಬ ಶ್ವಾಸಕೋಶದ ರೋಗದಿಂದ ಕಡೆಯಪಕ್ಷ 12 ಮಂದಿ ಮೃತರಾಗಿದ್ದರು.

ಇದರಲ್ಲಿ ದೋಷಿ ಯಾರು? ಒಬ್ಬನು ಹಣ ಉಳಿಸಿದನು, ಒಬ್ಬನು ನಿಯಮ ನೋಡಿದನು, ಒಬ್ಬನು ಮಾದರಿ ಎಣಿಸಿದನು, ಒಬ್ಬನು ಸಹಿ ಹಾಕಿದನು. ಪ್ರತಿಯೊಬ್ಬನ ಪಾಲೂ ಕಿರಿದು. ಹಲವರ ಮೇಲೆ ಹೂಡಿದ ಕ್ರಿಮಿನಲ್ ಮೊಕದ್ದಮೆಗಳು 2023ರಲ್ಲಿ ಕೊನೆಗೊಂಡವು. ಯಾರೂ ಸೆರೆಮನೆ ಸೇರಲಿಲ್ಲ. ಕಾನೂನಿನ ತಕ್ಕಡಿಯಲ್ಲಿ ಇಂಥ ಚೂರುಗಳು ತೂಗಲಾರವೆಂದೇ ಇಟ್ಟುಕೊಳ್ಳೋಣ. ಧರ್ಮದ ತಕ್ಕಡಿಯ ಮಾತು ಬೇರೆ. ಶರಣರು ಕಾಯಕವೆಂದು ಕರೆದುದು ಹೊಟ್ಟೆಪಾಡಿನ ದುಡಿಮೆಯನ್ನು ಮಾತ್ರವಲ್ಲ. ಕೈಗೆ ಬಂದ ಕೆಲಸದ ಪೂರ್ಣ ಹೊಣೆಯನ್ನು. ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಕಾಯಕದವನು. ಹಗ್ಗದ ಒಂದು ಎಳೆ ಸಡಿಲಾದರೆ ಬಾವಿಯಲ್ಲಿ ಕೊಡ ಕಳೆದುಕೊಳ್ಳುವವಳು ಅವನು ಕಾಣದ ಯಾವಳೋ ಒಬ್ಬಳು. ಆಕೆಯನ್ನು ಕಾಣದಿದ್ದರೂ ಆಕೆಯ ಕೊಡವನ್ನು ನೆನೆದು ಹೊಸೆದರೆ ಮಾತ್ರ ಅದು ಕಾಯಕ. ನೀರಿನ ಇಲಾಖೆಯ ಮೇಜಿನ ಮುಂದೆ ಕುಳಿತವನಿಗೂ ಈ ಮಾತು ಸಲ್ಲುತ್ತದೆ. ತಾನು ಕಾಣದ ಮನೆಯ, ತಾನು ಕಾಣದ ತೊಟ್ಟಿಲನ್ನು ನೆನೆಯಲೆಂದೇ ಅವನಿಗೆ ಆ ಪೀಠವನ್ನು ಕೊಟ್ಟಿರುವುದು. ಅವನು ತಿಳಿಯಲಿಲ್ಲವೆಂದರೆ ಕಾಯಕವನ್ನು ಮಾಡಲಿಲ್ಲವೆಂದೇ ಅರ್ಥ.

ಈ ಮಾತು ಗೃಹಸ್ಥನ ಮನೆಬಾಗಿಲಲ್ಲಿ ನಿಲ್ಲುವುದಿಲ್ಲ. ಕಂಬದಿಂದಾಚೆಯ ಕೊಳವೆ ಸರಕಾರದ್ದಾದರೆ, ಈಚೆಯ ತೊಟ್ಟಿ, ನಲ್ಲಿ, ಗೋಡೆಯ ಬಣ್ಣ ಇವು ಮನೆಯೊಡೆಯನ ಆಡಳಿತಕ್ಕೆ ಸೇರಿದವು. ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು 1978ರಲ್ಲಿಯೂ, ಹೊಸದಾಗಿ ಸೀಸದ ಕೊಳವೆ ಹಾಕುವುದನ್ನು 1986ರಲ್ಲಿಯೂ ನಿಷೇಧಿಸಿದರು. ಅದಕ್ಕೂ ಹಳೆಯದಾದ ಫ್ಲಿಂಟಿನ ಮನೆಗಳಲ್ಲಿ ನೀರು ನೆಟ್ಟಗಾದರೂ ಕಿಟಕಿಯ ಚೌಕಟ್ಟಿನಿಂದುದುರುವ ಬಣ್ಣದ ಪುಡಿ ತೆವಳುವ ಮಗುವಿನ ಬೆರಳಿಗೆ ಅಂಟುತ್ತಲೇ ಇದ್ದೀತು. ಭಾರತದಲ್ಲಿ ಗೃಹೋಪಯೋಗಿ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಕೂಡದೆಂಬ ನಿಯಮವಾದುದು 2016ರಲ್ಲಿ. ಅಂದರೆ ಅದಕ್ಕೆ ಮೊದಲು ಬಳಿದ ಬಾಗಿಲು ತೊಟ್ಟಿಲುಗಳನ್ನು ಕೆರೆದು ಹೊಸ ಬಣ್ಣ ಹಾಕಿಸುವ ದಿನ ಮಕ್ಕಳನ್ನೂ ಬಸುರಿಯರನ್ನೂ ದೂರವಿಡುವುದು, ಪುಡಿಯನ್ನು ಒಣಗಸ ಗುಡಿಸದೆ ಒದ್ದೆಬಟ್ಟೆಯಿಂದ ಒರಸುವುದು ವಿವೇಕ. ಹಿತ್ತಾಳೆಯ ನಲ್ಲಿಗಳಲ್ಲಿಯೂ ಸೀಸವು ಬೆರೆತಿರುವುದುಂಟು. ಬೆಳಗಿನ ಮೊದಲ ನೀರನ್ನು ಕುಡಿಯಲು ಹಿಡಿಯದೆ ಗಿಡಗಳಿಗೆ ಬಿಟ್ಟು, ಅಡುಗೆಗೆ ಬಿಸಿನೀರಿನ ನಲ್ಲಿಯ ನೀರನ್ನು ಬಳಸದಿರುವುದು ಖರ್ಚಿಲ್ಲದ ವ್ರತ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ತಿಳಿಯಾದ ನೀರಿಗೂ ಅನ್ವಯಿಸುತ್ತದೆ.

ಆದರೂ ಗೃಹಸ್ಥನ ಹೊಣೆಯನ್ನೂ ಅಧಿಕಾರಿಯ ಹೊಣೆಯನ್ನೂ ಒಂದೇ ಅಳತೆಯಿಂದ ಅಳೆಯುವುದು ಅನ್ಯಾಯ. ಮನೆಯೊಡತಿಯು ತನ್ನ ನೀರನ್ನು ಪರೀಕ್ಷಿಸುವ ಸಾಧನವನ್ನು ಹೊಂದಿರುವುದಿಲ್ಲ. ಆಕೆಗಿರುವುದು ಒಂದೇ ಸಾಧನ, ಕೇಳುವುದು. ಕೇಳಿದವಳಿಗೆ ಸುಳ್ಳು ಉತ್ತರ ಕೊಟ್ಟ ಕ್ಷಣದಲ್ಲಿ ಆಕೆಯ ಭಾರವೆಲ್ಲವೂ ಉತ್ತರ ಕೊಟ್ಟವನ ಹೆಗಲಿಗೆ ಸೇರುತ್ತದೆ. ಕುದಿಸಿದ ನೀರನ್ನು ಕುಡಿಸಿದ ತಾಯಂದಿರು ಇಂದಿಗೂ ತಮ್ಮನ್ನೇ ಹಳಿದುಕೊಳ್ಳುತ್ತಿದ್ದರೆ, ಅದು ಬೇರೊಬ್ಬರ ಸಾಲವನ್ನು ತಾವು ತೀರಿಸಿದಂತೆ.

2021ರ ನವೆಂಬರಿನಲ್ಲಿ ನ್ಯಾಯಾಲಯವು ಸುಮಾರು 62 ಕೋಟಿ 60 ಲಕ್ಷ ಡಾಲರುಗಳ ಪರಿಹಾರದ ಒಪ್ಪಂದವನ್ನು ಮಾನ್ಯ ಮಾಡಿತು. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಆಗ ಮಕ್ಕಳಾಗಿದ್ದವರಿಗೆ ಮೀಸಲು. 2025ರ ಜುಲೈ ವೇಳೆಗೆ ಹನ್ನೊಂದು ಸಾವಿರದಷ್ಟು ಸೀಸದ ಕೊಳವೆಗಳನ್ನು ಅಗೆದು ತೆಗೆದು ತಾಮ್ರದವನ್ನು ಹೂಳಿದುದಾಯಿತು. ಆ ದಿನ ತೊಟ್ಟಿಲಲ್ಲಿದ್ದ ಕೂಸುಗಳಿಗೆ ಅಷ್ಟರಲ್ಲಿ ಹನ್ನೊಂದು ವರ್ಷ ದಾಟಿತ್ತು.