ಕಾಯಕದವರನ್ನು ಉಳಿಸಿಕೊಳ್ಳುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಇಂದು ಒಂದು ಮಾತು ಜಗಲಿಜಗಲಿಯಲ್ಲಿ ಕೇಳಿಬರುತ್ತಿದೆ. ಹೊನ್ನವಳ್ಳಿಯ ತೋಟದ ಒಡೆಯರೂ ಅದನ್ನೇ ಆಡುತ್ತಾರೆ: “ಮರ ಹತ್ತುವವರು ಸಿಕ್ಕುವುದಿಲ್ಲ, ಕಾಯಿ ಸುಲಿಯುವವರು ನಿಲ್ಲುವುದಿಲ್ಲ, ಪಳಗಿದ ಕೈಗಳೆಲ್ಲ ಬೆಂಗಳೂರಿನ ದಾರಿ ಹಿಡಿದವು. ಕಾಯಕನಿಷ್ಠೆಯೆಂಬುದು ಲೋಕದಿಂದಲೇ ಅಳಿದುಹೋಯಿತು.” ಈ ಮಾತಿನ ಮೊದಲ ಭಾಗ ದಿಟ. ಕೊನೆಯ ವಾಕ್ಯವನ್ನು ಮಾತ್ರ ಸದ್ಭಕ್ತನಾದವನು ನುಡಿಯುವ ಮುನ್ನ ಎದೆಯ ಮೇಲಣ ಇಷ್ಟಲಿಂಗವನ್ನು ಮುಟ್ಟಿ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.

ಮೊದಲು ಆ ಕೆಲಸದ ಸ್ವರೂಪವನ್ನರಿಯಬೇಕು. ಅರವತ್ತು ಅಡಿಯ ಮರವನ್ನೇರಿ, ಬಲಿತ ಗೊನೆ ಯಾವುದು, ಎಳೆಯದು ಯಾವುದೆಂದು ಕಣ್ಣಳತೆಯಿಂದಲೇ ತಿಳಿದು ಕೆಡವುವುದು ಕೇವಲ ಮೈಬಲದಿಂದ ಆಗುವುದಲ್ಲ. ಬಲಿತ ಕಾಯಿಯೇ ಅಟ್ಟ ಸೇರಬೇಕು. ಅಲ್ಲಿ ಎಂಟು ಹತ್ತು ತಿಂಗಳು ಕುಳಿತು, ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಅಲುಗಾಡಿದಾಗಲೇ ಅದು ಉಂಡೆ ಕೊಬ್ಬರಿ. ಆ ಬಳಿಕ ಮಟ್ಟೆ ಸುಲಿಯಬೇಕು. ಉಂಡೆಗೆ ಪೆಟ್ಟು ತಗುಲದಂತೆ ಚಿಪ್ಪನ್ನು ಬಿಡಿಸಬೇಕು. ಒಂದು ಏಟು ತಪ್ಪಿದರೆ ಉಂಡೆ ಒಡೆಯುತ್ತದೆ, ಧಾರಣೆ ಇಳಿಯುತ್ತದೆ. ಸುಳಿಯನ್ನು ಕುರುವಾಯಿ ಹುಳು ಕೊರೆದಿದೆಯೆ, ಕೆಂಪುಮೂತಿ ಹುಳು ಹೊಕ್ಕಿದೆಯೆ ಎಂಬುದನ್ನು ಬುಡದಲ್ಲಿ ನಿಂತ ಒಡೆಯನಿಗಿಂತ ಮೊದಲು ಕಾಣತಕ್ಕವನು ಮರವೇರಿದವನೇ. ಅವನು ಊರು ಬಿಟ್ಟರೆ ತೋಟಕ್ಕೆ ಒಬ್ಬ ಆಳು ಮಾತ್ರ ಕಡಿಮೆಯಾಗುವುದಿಲ್ಲ, ಅದರ ವೈದ್ಯನೇ ಹೋದಂತಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಇದಕ್ಕೆ ವಿರುದ್ಧವಾದ ಸಂಗತಿ ನಡೆಯಿತು. ಕಾಯಕದ ಜನ ತಾವಾಗಿಯೇ ದೂರದೂರದಿಂದ ಕಲ್ಯಾಣಕ್ಕೆ ಬಂದು ನೆಲಸಿದರು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದ ಮೋಳಿಗೆಯ ಮಾರಯ್ಯನವರು ಸೌದೆ ಮಾರಿ ಬಾಳಿದರೆಂದು ಪುರಾಣಗಳು ಹೇಳುತ್ತವೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಇವರನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಏನು? ಸಾಲದ ಪತ್ರವಲ್ಲ, ಮುಂಗಡದ ಹಣವಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ ಎಂಬ ಹೆಸರುಗಳನ್ನು ನೋಡಿರಿ. ಬೇರೆಡೆಯಲ್ಲಿ ಹೀನವೆನಿಸಿದ ಕಸುಬು ಅಲ್ಲಿ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಅವರ ಮಾತಿಗೆ ರಾಜ್ಯದ ಭಂಡಾರಿಗಳಾದ ಬಸವಣ್ಣನವರೂ, ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳೂ ಕಿವಿಗೊಟ್ಟರು. ಎಲ್ಲಿ ತನ್ನ ಕೈಗೆ ಬೆಲೆಯೂ ನಾಲಗೆಗೆ ಎಡೆಯೂ ಉಂಟೋ ಅಲ್ಲಿಂದ ಮನುಷ್ಯನು ಕದಲಲು ಬಯಸನು.

ಆಯ್ದಕ್ಕಿ ಲಕ್ಕಮ್ಮನವರ ಕಥೆ ಎಲ್ಲರೂ ಬಲ್ಲದ್ದೇ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಗೇ ಹಿಂದಿರುಗಿಸಬೇಕೆಂದು ಆ ಮಹಾತಾಯಿ ಎಚ್ಚರಿಸಿದರು. ಕೂಲಿ ಹೆಚ್ಚು ಕೇಳಿದ ಆಳಿಗೆ ಈ ಕಥೆಯನ್ನೇ ಬುದ್ಧಿವಾದವಾಗಿ ಹೇಳುವವರು ಇದ್ದಾರೆ. ಇದು ಕಥೆಯನ್ನು ತಲೆಕೆಳಗು ಮಾಡಿದಂತೆ. ಲಕ್ಕಮ್ಮನವರು ಆ ಮಾತನ್ನು ಹೇಳಿದ್ದು ತಮ್ಮ ಗಂಡನಿಗೆ, ನೆರೆಮನೆಯ ದುಡಿಮೆಗಾರನಿಗಲ್ಲ. ಮಿತಿಯನ್ನು ತಮ್ಮ ಮಡಕೆಗೆ ವಿಧಿಸಿಕೊಂಡರು. ಪರರ ತಟ್ಟೆಗೆ ವಿಧಿಸಲಿಲ್ಲ. ಆಳಿಗೆ ಸಲ್ಲತಕ್ಕ ಕೂಲಿಯಲ್ಲಿ ಕಡಿತ ಮಾಡಿ ಉಳಿಸಿದ ಹಣವೇ ತೋಟದ ಒಡೆಯನ ಮನೆಯಲ್ಲಿರುವ ಹೆಚ್ಚಿನ ಅಕ್ಕಿ. ಹಿಂದಿರುಗಿಸತಕ್ಕದ್ದು ಅದು.

2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರಿನ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಾಗ ಬೆಳೆಗಾರರು ಬೀದಿಗಿಳಿದು ನ್ಯಾಯ ಕೇಳಿದರು. ಕೇಳಿದ್ದು ಧರ್ಮವೇ ಸರಿ. ಬೆವರಿಗೆ ತಕ್ಕ ಬೆಲೆ ಬರಬೇಕೆಂಬ ಅದೇ ನ್ಯಾಯ ಮರವೇರಿದವನಿಗೂ ಅನ್ವಯಿಸಬೇಡವೆ? ಧಾರಣೆ ಇಳಿದಾಗ “ಈ ಸಲ ಸುಧಾರಿಸಿಕೋ” ಎಂದು ಕೂಲಿಯನ್ನು ಇಳಿಸುವವರು, 2025ರಲ್ಲಿ ಧಾರಣೆ ಬೆಂಬಲ ಬೆಲೆಯಾದ 12,100 ರೂಪಾಯಿಗಳನ್ನು ಎಷ್ಟೋ ಮೀರಿದಾಗ ಅದನ್ನು ಏರಿಸಿದರೆ? ಈ ಪ್ರಶ್ನೆಗೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಲೆಕ್ಕದ ಪುಸ್ತಕವನ್ನು ತೆರೆದು ತಾನೇ ಉತ್ತರ ಕಂಡುಕೊಳ್ಳತಕ್ಕದ್ದು.

ದಾಸೋಹವೆಂದರೆ ಹಬ್ಬದಲ್ಲಿ ಒಂದು ಪಂಚೆ ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ. ದುಡಿದ ದಿನವೇ ಕೂಲಿಯನ್ನು ಕೈಗಿಡುವುದು ಮೊದಲನೆಯ ದಾಸೋಹ. ಜೀವಭಯವನ್ನು ತಗ್ಗಿಸುವುದು ಎರಡನೆಯದು. ಮರದಿಂದ ಬಿದ್ದವನ ಸಂಸಾರ ಬೀದಿಪಾಲಾಗದಂತೆ ತೆಂಗು ಅಭಿವೃದ್ಧಿ ಮಂಡಳಿಯು ಕೇರ ಸುರಕ್ಷಾ ಎಂಬ ವಿಮೆಯನ್ನು ಏರ್ಪಡಿಸಿದೆ. ಒಡೆಯನೇ ಮುಂದೆ ನಿಂತು ಅದರ ಅರ್ಜಿ ತುಂಬಿಸಿ ವಂತಿಗೆ ಕಟ್ಟಿದರೆ ಅವನ ಸಂಪತ್ತೇನೂ ಕರಗದು. ಮೂರನೆಯದು ಗೌರವ. ತಂದೆಯ ವಯಸ್ಸಿನವನನ್ನು “ಬಾರೋ” ಎಂದು ಕೂಗುವ ಬಾಯಿ “ಬನ್ನಿ” ಎನ್ನುವುದಕ್ಕೆ ಕಾಸು ಖರ್ಚಿಲ್ಲ. ದುಡಿಯುವವನಿಗೆ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಲೋಟ ಇಟ್ಟ ಮನೆಯಲ್ಲಿ ಎಷ್ಟು ಲಿಂಗಪೂಜೆ ನಡೆದರೂ ಕಲ್ಯಾಣದ ಗಾಳಿ ಸುಳಿಯದು. ಅಂತಹ ಅಂಗಳವನ್ನು ದಾಟಿ ಒಬ್ಬ ತರುಣನು ಪೀಣ್ಯದ ಕಾರ್ಖಾನೆಗೆ ಹೋದರೆ, ಅವನು ಕೂಲಿಯೊಂದನ್ನೇ ಅರಸಿ ಹೋದನೆಂದು ಹೇಳಲಾಗದು.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಹೋಗಲಿ, ಹರಸಿ ಕಳುಹಿಸತಕ್ಕದ್ದು. ತಂದೆ ಮರ ಹತ್ತಿದನೆಂದು ಮಗನೂ ಹತ್ತಬೇಕೆಂಬ ವಿಧಿಯನ್ನು ಶರಣರು ಒಪ್ಪಲಿಲ್ಲ. ಅವರು ಕಾಯಕವನ್ನು ಹುಟ್ಟಿನ ಕಟ್ಟಿನಿಂದ ಬಿಡಿಸಿದರು. ಅರಸನೇ ಸೌದೆ ಹೊತ್ತ ಧರ್ಮದಲ್ಲಿ ಮರವೇರುವವನ ಮಗನು ಲೇಖನಿ ಹಿಡಿಯುವುದು ಅಚ್ಚರಿಯಲ್ಲ. ಹಾಗಾದರೆ ಮರವನ್ನೇರುವವರು ಯಾರು? ತೋಟದ ಒಡೆಯನ ಮಗನೂ ಏರಬಹುದಷ್ಟೆ! 2011ರಿಂದ ಅದೇ ಮಂಡಳಿಯು ತರುಣರಿಗೂ ತರುಣಿಯರಿಗೂ ಯಂತ್ರದ ಸಹಾಯದಿಂದ ಮರವೇರುವ ಶಿಕ್ಷಣವನ್ನು ಕೊಡಿಸುತ್ತ ಬಂದಿದೆ. ಒಡೆಯನ ಮಗನು ಒಂದು ದಿನ ಆ ಸುಳಿಯವರೆಗೆ ಏರಿ ಕೆಳಗೆ ನೋಡಲಿ. ಇಳಿದು ಬಂದ ಮೇಲೆ ಕೂಲಿಯ ವಿಷಯದಲ್ಲಿ ಅವನು ಚೌಕಾಸಿ ಮಾಡಲಾರನು.

ಕಾಯಕನಿಷ್ಠೆ ಅಳಿಯಿತೆಂದು ಮರುಗುವವರು, ಒಡೆತನವೂ ಒಂದು ಕಾಯಕವೆಂಬುದನ್ನು ಮೊದಲು ನೆನೆಯಲಿ. ಆ ಕಾಯಕದಲ್ಲಿ ಒಡೆಯನು ನಿಷ್ಠೆಯಿಂದ ನಿಂತರೆ, ಅವನ ತೋಟದಲ್ಲಿ ದುಡಿಯುವವರೂ ನಿಲ್ಲುವರು. ಹೊನ್ನವಳ್ಳಿಯ ಸೀಮೆಯ ಸದ್ಭಕ್ತರಿಗೆ ಶರಣರು ಈ ಸದ್ಬುದ್ಧಿಯನ್ನು ಕರುಣಿಸಲಿ.