ತುತ್ತಿನ ಲೆಕ್ಕ, ತೂಕದ ಲೆಕ್ಕ

ನಮ್ಮ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ನನ್ನ ಬಳಿ ಆಹಾರದ ಸಲಹೆಗೆ ಬರುವ ಹೆಂಗಸರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಮೇಡಂ, ಹತ್ತು ದಿನವೂ ಒಂದೇ ಹೊತ್ತು ಉಂಡೆ. ಆದರೂ ತೂಕ ಇಳಿಯಲಿಲ್ಲ. ನನ್ನ ವ್ರತದಲ್ಲಿ ಏನು ಕೊರತೆಯಾಯಿತು?"

ತೂಕದ ಮಾತಿಗೆ ಉತ್ತರ ಕಷ್ಟವಲ್ಲ. ಒಂದೇ ಹೊತ್ತಿನ ಊಟವಾದರೂ ತಟ್ಟೆಯಲ್ಲಿ ಏನಿತ್ತು ಎಂದು ವಿಚಾರಿಸುತ್ತೇನೆ. ಒಂದು ಟೀ ಚಮಚ ತುಪ್ಪಕ್ಕೆ ಸುಮಾರು 45 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ವ್ರತಕ್ಕೆಂದು ಹಸಿರು ತರಕಾರಿ ಬಿಟ್ಟ ಜಾಗದಲ್ಲಿ ಗೋಡಂಬಿ, ಪಾಯಸ, ಕರಿದ ತಿಂಡಿ ಬಂದು ಕೂತರೆ ದಿನದ ಮೊತ್ತ ಮೊದಲಿನಷ್ಟೇ ಆದೀತು. ದೇಹ ಎಷ್ಟು ಹೊತ್ತು ಉಂಡಿರಿ ಎಂದು ಎಣಿಸುವುದಿಲ್ಲ.

ನನ್ನನ್ನು ಕಾಡುವುದು ಪ್ರಶ್ನೆಯ ಎರಡನೆಯ ಅರ್ಧ. ತೂಕ ಇಳಿಯದಿದ್ದರೆ ವ್ರತದಲ್ಲಿ ಕೊರತೆ ಎಂದು ಯಾರು ಹೇಳಿದರು?

ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಆರು ಬಾಹ್ಯ ತಪಸ್ಸುಗಳನ್ನು ಹೇಳುತ್ತದೆ. ಮೊದಲನೆಯದು ಉಪವಾಸ, ಎರಡನೆಯದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವ ಮುಂಚೆ ನಿಲ್ಲಿಸುವುದು. ನಾಲ್ಕನೆಯದು ರಸಪರಿತ್ಯಾಗ: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಕೆಲವನ್ನೋ ಬಿಡುವುದು. ಗಂಡಸಿಗೆ 32 ತುತ್ತು, ಹೆಂಗಸಿಗೆ 28 ತುತ್ತು ಪೂರ್ಣಾಹಾರ ಎನ್ನುವುದು ಪರಂಪರೆಯ ಲೆಕ್ಕ. ಅದರಲ್ಲಿ ಒಂದು ತುತ್ತು ಬಿಟ್ಟರೂ ಅವಮೌದರ್ಯವೇ. ಆ ಒಂದು ತುತ್ತಿನಿಂದ ಯಾರ ಸೊಂಟವೂ ಕರಗುವುದಿಲ್ಲ. ಕರಗಬೇಕಾದದ್ದು 'ಇನ್ನೊಂಚೂರು' ಎನ್ನುವ ಆಸೆ.

ಕಾರ್ಕಳದ ನಮ್ಮ ಮನೆಯಲ್ಲಿ ಅಜ್ಜಿ ಭಾನುವಾರ ಉಪ್ಪು ಮುಟ್ಟುತ್ತಿರಲಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿಲ್ಲದ ಹೆಸರುಕಾಳಿನ ಪಲ್ಯ. ಅಮ್ಮ ಇನ್ನೊಂದು ಸೌಟು ಹಾಕಲು ಬಂದರೆ ಎಡಗೈಯನ್ನು ಬಟ್ಟಲಿನ ಮೇಲೆ ಅಡ್ಡ ಹಿಡಿಯುತ್ತಿದ್ದರು. ಹಸಿವು ಇನ್ನೂ ಇದೆ ಎಂದು ಅವರ ಮುಖವೇ ಹೇಳುತ್ತಿತ್ತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿದರೆ ಮತ್ತೆ ಬೆಳಗಿನವರೆಗೆ ಏನೂ ಇಲ್ಲ. ಇಷ್ಟಾಗಿಯೂ ಅಜ್ಜಿ ಕೊನೆಯವರೆಗೂ ದಪ್ಪಗೇ ಇದ್ದರು. ಅವರಿಗೆ ಸಂಯಮವಿಲ್ಲ ಎಂದು ಬಸದಿಯಲ್ಲಾಗಲಿ ಮನೆಯಲ್ಲಾಗಲಿ ಯಾರಿಗೂ ಅನ್ನಿಸಿರಲಿಲ್ಲ.

ಈಗ ಹಾಗಿಲ್ಲ. ದಪ್ಪಗಿರುವವರನ್ನು ಕಂಡರೆ ನಾಲಿಗೆ ಹಿಡಿತದಲ್ಲಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಹಾಗೆ ತೀರ್ಮಾನಿಸುವ ನಾವು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಅರೆಹೊಟ್ಟೆಯ ಪ್ರಯೋಗವನ್ನು ತಿಳಿಯಬೇಕು. ಅದಕ್ಕೆ ಒಪ್ಪಿ ಬಂದ 36 ಯುವಕರು ಯುದ್ಧದಲ್ಲಿ ಕೊಲ್ಲಲಾರೆವೆಂದು ಸೇನೆಗೆ ಸೇರಲು ನಿರಾಕರಿಸಿದವರು. ಅಹಿಂಸೆಯನ್ನು ಧರ್ಮವೆಂದು ನಂಬಿದ ಪಂಥಗಳವರು ಅವರಲ್ಲಿದ್ದರು. ಮನೋಬಲ ಕಡಿಮೆ ಎಂದು ಅವರನ್ನು ಯಾರೂ ಹಳಿಯಲಾರರು. ದಿನಕ್ಕೆ ಸುಮಾರು 1,570 ಕ್ಯಾಲೊರಿಯಲ್ಲಿ 24 ವಾರ ಇದ್ದು ತೂಕದ ಕಾಲುಭಾಗ ಕಳೆದುಕೊಂಡರು. ಆ ದಿನಗಳಲ್ಲಿ ಅವರ ತಲೆಯ ತುಂಬ ಊಟವೇ ಊಟ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ದೇಹ ಖರ್ಚು ಕಡಿಮೆ ಮಾಡಿಕೊಂಡು, ಹಸಿವನ್ನು ಹೆಚ್ಚಿಸಿ ಕಳೆದುಹೋದದ್ದನ್ನು ವಾಪಸ್ ಕೇಳುತ್ತದೆ. ಆ ಕೂಗಿಗೆ ಶೀಲದ ಪರೀಕ್ಷೆ ಎಂದು ಹೆಸರಿಡುವುದು ಅನ್ಯಾಯ.

ಹಾಗೆಂದು ಏನು ತಿಂದರೂ ನಡೆಯುತ್ತದೆ ಎಂದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟಿತು. ಸಿದ್ಧ ತಿನಿಸಿನ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ರಸಪರಿತ್ಯಾಗವನ್ನು ತಪಸ್ಸಿನ ಪಟ್ಟಿಗೆ ಸೇರಿಸಿದ ಆಚಾರ್ಯರ ಮೇಲೆ ನನಗೆ ಗೌರವ ಇಮ್ಮಡಿಯಾಯಿತು. ಎದುರಿಗಿರುವ ವಸ್ತುವೇ ಆಸೆಯನ್ನು ಎಳೆಯುತ್ತದೆ ಎಂದು ಬಲ್ಲವರು ಅವರು.

ಇತ್ತೀಚೆಗೆ ಸಣ್ಣಗಾಗಲೆಂದೇ ಎಂಟು ದಿನ ನೀರು ಮಾತ್ರ ಕುಡಿದು ಇರುತ್ತೇವೆನ್ನುವ ಕಾಲೇಜು ಹುಡುಗಿಯರು ಬರುತ್ತಿದ್ದಾರೆ. ನನಗೆ ಭಯವಾಗುತ್ತದೆ. ಕರ್ಮ ಕಳಚಲೆಂದು ಇರುವ ತಪಸ್ಸನ್ನು ಕನ್ನಡಿಗೆ ಒಪ್ಪಿಸಿದರೆ ಬೆಳೆಯುವುದು ದೇಹದ ಮೇಲಿನ ಮೋಹವೇ. ಇದರಲ್ಲಿ ಮನೆಯ ದೊಡ್ಡವರ ಪಾಲೂ ಇದೆ. ವ್ರತ ಮುಗಿಸಿದ ಹುಡುಗಿಗೆ "ಎಷ್ಟು ಸಪೂರ ಆಗಿದ್ದಿ, ಈಗ ಚಂದ ಕಾಣ್ತಿ" ಎಂದು ಪಾರಣೆಯ ಪಂಕ್ತಿಯಲ್ಲೇ ಹೇಳುವ ಅತ್ತೆ, ಚಿಕ್ಕಮ್ಮಂದಿರು ಮುಂದಿನ ಪರ್ವದಿಂದಲಾದರೂ ಆ ಮಾತನ್ನು ಬಿಡಬೇಕು.